ಪಾಯದಿಂದ ತಂದ ಕಲ್ಲು

ಚೂಡಾಮಣಿ ಅಧ್ಯಾಪಕಿಯಾಗಿ ಒಳ್ಳೆಯವರು, ಮನುಷ್ಯರಾಗಿ ಅಹಂಕಾರಿ. ತಾವು ಹೇಳಿದ್ದು ತಪ್ಪಿರಬಹುದೆಂಬ ಅನುಮಾನ ಅವರನ್ನು ಎಂದೂ ಕಾಡಿದ್ದಿಲ್ಲ, ಕಾಡದ್ದರಿಂದಲೇ ಸುಖವಾಗಿದ್ದರು. ಜಯನಗರದ ಕಾಲೇಜೊಂದರ ಭೂವಿಜ್ಞಾನ ಪ್ರಯೋಗಾಲಯ, ಕಿಟಕಿಯ ಪಕ್ಕದ ಮೇಜು, ಫ್ಲಾಸ್ಕಿನಲ್ಲಿ ಕಾಫಿ, ಮರದ ಟ್ರೇಗಳ ತುಂಬ ಕಲ್ಲುಗಳು. ಇಷ್ಟಿದ್ದರೆ ಅವರಿಗೆ ಭಾನುವಾರವೂ ಬೇಕಿರಲಿಲ್ಲ.

ಆ ಕಲ್ಲುಗಳನ್ನು ವಿದ್ಯಾರ್ಥಿಗಳು ನೋಡಿ ಕಲಿಯುತ್ತಿರಲಿಲ್ಲ. ಮೂಲೆ ಮುರಿದದ್ದು ಬಸಾಲ್ಟ್, ಇಂಕಿನ ಕಲೆಯಿರುವುದು ಶಿಸ್ಟ್ ಎಂದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಗುರುತು ದಾಟಿ ಬರುತ್ತಿತ್ತು. ಚೂಡಾಮಣಿ ಅದಕ್ಕೊಂದು ಮದ್ದು ಕಂಡುಕೊಂಡಿದ್ದರು. ಪರೀಕ್ಷೆ ಹತ್ತಿರ ಬಂದಾಗ, ಹಳೆಯ ಮನೆ ಕೆಡವಿ ಪಾಯ ತೋಡುವ ಕಡೆಗೆ ಸುತ್ತಿಗೆ ಹಿಡಿದು ಹೋಗಿ ಹೊಸ ಕಲ್ಲು ಒಡೆದು ತರುತ್ತಿದ್ದರು. ಹೋದ ವರ್ಷ ಹಾಗೆ ಬಂದ ಕಲ್ಲಿನೆದುರು ಸಿರಿ ಎಂಬ ಹುಡುಗಿ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಅವಳ ಎಂಎಸ್ಸಿ ಸೀಟು ಕೈತಪ್ಪುತ್ತಿತ್ತು.

ಈ ಬಾರಿಯ ಕಲ್ಲು ಜೆ.ಪಿ. ನಗರದ್ದು. ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿಕೊಂಡ, ಕಪ್ಪು ಬಿಳುಪು ಪಟ್ಟೆಗಳ ನೈಸ್ ಬಂಡೆ. ಚೂಡಾಮಣಿ ಒಂದು ಚೂರು ಒಡೆದು ಬ್ಯಾಗಿಗೆ ಹಾಕಿಕೊಂಡರು. ಸರಿಯುತ್ತರಗಳ ‘ಕೀ’ ಹಾಳೆಯಲ್ಲಿ ‘ನೈಸ್’ ಎಂದು ಬರೆದಿಟ್ಟರು.

ಪರೀಕ್ಷೆಯ ದಿನ ಸಿರಿ ಚೂಡಾಮಣಿಯವರ ಮೇಜಿನೆದುರು ನಿಂತು, ಲೆನ್ಸ್ ಹಿಡಿದು ಆ ಚೂರನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು.

“ಗ್ರಾನೈಟ್, ಮೇಡಂ. ಅಗ್ನಿಶಿಲೆ.”

“ಇನ್ನೊಂದ್ಸಲ ನೋಡು.”

“ನೋಡ್ದೆ ಮೇಡಂ. ಹರಳೆಲ್ಲ ಒಂದಕ್ಕೊಂದು ಹೆಣ್ಕೊಂಡಿವೆ. ಹೊಳೆಯೋ ಮೈಕಾ ಎಲ್ಲಾ ದಿಕ್ಕಿಗೂ ಚೆಲ್ಕೊಂಡಿದೆ.”

“ಯಾಕೆ, ನೈಸ್ ಆಗ್ಬಾರ್ದಾ?”

“ನೈಸ್ ಆಗಿದ್ರೆ ಪಟ್ಟೆ ಇರ್ಬೇಕು.” ಸಿರಿ ಚೂರನ್ನು ಅವರ ಮುಂದೆ ಹಿಡಿದಳು. “ಇದ್ರಲ್ಲಿ ಎಲ್ಲಿದೆ ಮೇಡಂ? ನೀವೇ ತೋರ್ಸಿ.”

ಬೇರೆ ಕಾಲೇಜಿನಿಂದ ಪರೀಕ್ಷಕರಾಗಿ ಬಂದಿದ್ದ ಮಹಾಂತೇಶ್ ನಕ್ಕರು. “ಎಕ್ಸಾಮ್ ನಿಮಗೇ ಇಟ್ಟಂಗಾಯ್ತಲ್ಲ ಮೇಡಂ! ಕೀ ಪ್ರಕಾರ ತಪ್ಪು. ಸೊನ್ನೆ ಹಾಕಿ ಏಳಿ, ಊಟಕ್ಕೆ ಹೊತ್ತಾಯ್ತು.”

ಚೂಡಾಮಣಿ ಕಲ್ಲನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಪಟ್ಟೆ ಬಂಡೆಯಲ್ಲಿತ್ತು, ಚೂರಿನಲ್ಲಿರಲಿಲ್ಲ. ಬಂಡೆಯ ಬಿರುಕಿನೊಳಗೆ ಎಂದೋ ಕರಗಿ ನುಗ್ಗಿ ಗಟ್ಟಿಯಾದ ಗ್ರಾನೈಟಿನ ಎಳೆಯೊಂದಿತ್ತು. ಅವರ ಸುತ್ತಿಗೆ ಕಿತ್ತದ್ದು ಅದನ್ನೇ. ಲ್ಯಾಬಿಗೆ ಬಂದ ಮೇಲೆ ಅವರು ಚೂರಿಗೆ ಲೆನ್ಸ್ ಹಿಡಿದೇ ಇರಲಿಲ್ಲ.

ಕೀ ಹಾಳೆ ಎಳೆದುಕೊಂಡು ‘ನೈಸ್’ ಎಂಬುದನ್ನು ಹೊಡೆದುಹಾಕಿದರು. ‘ಗ್ರಾನೈಟ್’ ಎಂದು ಬರೆದು ಪಕ್ಕದಲ್ಲಿ ರುಜು ಹಾಕಿದರು.

“ಇವಳು ಪಾಸು. ಬೆಳಗ್ಗೆ ಗ್ರಾನೈಟ್ ಅಂದೋರ್ನೆಲ್ಲ ಮತ್ತೆ ನೋಡ್ಬೇಕು, ಮಹಾಂತೇಶ್. ಊಟ ಆಮೇಲೆ.”

ಚೂಡಾಮಣಿ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಸಿರಿಗೆ ಜಾಗ ಮಾಡಿಕೊಟ್ಟರು. “ಮೈಕಾ ಚೆಲ್ಕೊಂಡಿದೆ ಅಂದ್ಯಲ್ಲ, ಎಲ್ಲಿ? ನನಗೂ ತೋರ್ಸು.”