ಊಟಕ್ಕೆ ಮುಂಚೆ ಬಂದ ಕೊನೆಯ ವಿಷಯ

ಈಸ್ಟ್ ಹಾರ್ಲೋ ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಹೆಸ್ಟರ್ ಪ್ರೌಟಿ ಟೀಚರಿಗೆ ಬಿಡುವೆಂಬುದು ಸಿಕ್ಕಿರಲಿಲ್ಲ. ಊರಿನ ಖರ್ಚುವೆಚ್ಚವನ್ನು ಜನರೇ ಕೈ ಎತ್ತಿ ತೀರ್ಮಾನಿಸುವ ಮಾರ್ಚ್ ತಿಂಗಳ ಊರ ಸಭೆಗೆ ಮುಂಚಿನ ಭಾನುವಾರ ಅವರ ಅಡುಗೆಮನೆಯ ಬಾಗಿಲು ತಟ್ಟುವವರು ಇದ್ದೇ ಇರುತ್ತಿದ್ದರು. ಸಭೆಯಲ್ಲಿ ಮಾತಾಡಬೇಕೆಂದವರು ಟೀಚರ ಬಳಿ ಭಾಷಣ ತಿದ್ದಿಸಿಕೊಳ್ಳುವುದು ವರ್ಮಾಂಟಿನ ಆ ಗುಡ್ಡದೂರಿನ ವಾಡಿಕೆ. ಬಂದವರನ್ನು ಅವರು ವಾಪಸು ಕಳಿಸಿದ್ದಿಲ್ಲ. ಈ ವರ್ಷ ಅದೇ ಅವರ ಕುತ್ತಿಗೆಗೆ ಬಂತು.

ಬಂದವನು ಲೈಲ್ ಗೋಯೆಟ್. ಅವರ ಹಳೆಯ ಶಿಷ್ಯ, ಈಗ ಊರಿನ ರಸ್ತೆಗಳ ಮೇಸ್ತ್ರಿ. ಅವನ ಭಾಷಣ ಟೀಚರ ಗ್ರಂಥಾಲಯದ ವಿರುದ್ಧವೇ ಇತ್ತು.

"ಬೇಜಾರು ಮಾಡ್ಕೋಬೇಡಿ ಟೀಚರ್. ನನಗೆ ರಸ್ತೆ ಸಮ ಮಾಡೋ ಹೊಸ ಯಂತ್ರ ಬೇಕು. ನಿಮ್ಮ ಗ್ರಂಥಾಲಯಕ್ಕೂ ದುಡ್ಡು ಕೊಟ್ಟು ಅದನ್ನೂ ಕೊಳ್ಳೋಕೆ ತೆರಿಗೆ ಏರಿಸ್ಬೇಕು, ಜನ ಎಲ್ಲಿ ಒಪ್ತಾರೆ?"

"ಬೇಜಾರಾಗದೆ ಇರುತ್ತೇನೋ? ಕೊಡು ಇಲ್ಲಿ, ಏನು ಗೀಚಿದ್ದೀಯ ನೋಡೋಣ."

ಗ್ರಂಥಾಲಯ ಇದ್ದದ್ದು ಅವರು ಪಾಠ ಮಾಡಿದ್ದ ಹಳೆಯ ಶಾಲೆಯಲ್ಲಿ. ಕೋಣೆ ಬೆಚ್ಚಗಿಡುವ ಒಲೆಗೆ ಹಣ ಕೊಡಲು ಊರು ಒಪ್ಪದೆ ಚಳಿಗಾಲವಿಡೀ ಬೀಗ. ಈ ಸಲವೂ ಒಪ್ಪದಿದ್ದರೆ ಕಟ್ಟಡವನ್ನು ಮಾರುವುದೆಂದು ಆಗಲೇ ತೀರ್ಮಾನವಾಗಿತ್ತು. ಗ್ರಂಥಾಲಯ ಬೇಕೆನ್ನುವವರಿಗೇನೂ ಕೊರತೆಯಿರಲಿಲ್ಲ. ಆದರೆ ಸಭೆಯ ಪಟ್ಟಿಯಲ್ಲಿ ಅದು ಯಾವಾಗಲೂ ಕೊನೆಗೆ. ಅಷ್ಟು ಹೊತ್ತಿಗೆ ಅವರೆಲ್ಲ ಸಭೆಯಲ್ಲೇ ಬಡಿಸುವ ಮಧ್ಯಾಹ್ನದ ಊಟ, ಹ್ಯಾಮೆಂಬ ಹಂದಿಮಾಂಸ, ಬೀನ್ಸು, ಕಡುಬು ಮುಗಿಸಿ ಮೇಪಲ್ ಮರದ ರಸ ಇಳಿಸಲು ಹೋಗಿಬಿಡುತ್ತಿದ್ದರು. ಉಳಿದ ನಾಲ್ಕು ಜನ "ಬಿಟ್ಟುಬಿಡೋಣ" ಎಂದು ಕೈ ಎತ್ತಿದರೆ ಮುಗಿಯಿತು.

ಹಲ್ಲು ಕಚ್ಚಿಕೊಂಡೇ ಟೀಚರು ಲೈಲ್‌ನ ಒಂದು ವಾಕ್ಯ ತಿದ್ದಿದರು. 'ಇಷ್ಟು ಕೆಟ್ಟ ರಸ್ತೆಯನ್ನು ನಾನು ಎಂದೂ ನೋಡಿಲ್ಲ' ಎಂದಿದ್ದದ್ದು 'ಎಂದೂ ನೋಡಿಲ್ಲ ನಾನು, ಇಷ್ಟು ಕೆಟ್ಟ ರಸ್ತೆಯನ್ನು' ಎಂದಾಯಿತು.

"ಏಳನೇ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಮರೆತುಹೋಯ್ತೇನೋ? ಒತ್ತಿ ಹೇಳಬೇಕಾದ ಮಾತು ಮುಂದಕ್ಕೆ. ಕ್ರಿಯಾಪದ ಅದರ ಬೆನ್ನಿಗೆ. ಕರ್ತೃಪದ ಕಾಯಲಿ. ಒಂದು ಭಾಷಣಕ್ಕೆ ಇಂಥದ್ದು ಒಂದೇ ಸಾಕು, ತಿಳೀತಾ? ಚರ್ಚಿನ ಗಂಟೆ ದಿನವಿಡೀ ಬಡಿದರೆ ಯಾರೂ ತಲೆ ಎತ್ತಲ್ಲ."

ಲೈಲ್ ಖುಷಿಯಿಂದ ಹೋದ. ಟೀಚರು ತಮ್ಮನ್ನೇ ಬೈದುಕೊಳ್ಳುತ್ತ ಪಾತ್ರೆ ತೊಳೆದರು.

ಮಂಗಳವಾರದ ಸಭೆಯಲ್ಲಿ ಬೆಳಗೆಲ್ಲ ನಾಯಿಗಳ ಪರವಾನಗಿಯ ಜಗಳದಲ್ಲೇ ಕಳೆಯಿತು. ಹೇಳಿದ್ದನ್ನೇ ಹೇಳುವವರನ್ನು ಕೇಳಿ ಕೇಳಿ ಟೀಚರಿಗೆ ತಲೆ ಚಿಟ್ಟು ಹಿಡಿಯಿತು. ಹಿಂದಿನ ಅಡುಗೆಕೋಣೆಯಿಂದ ಹ್ಯಾಮಿನ ವಾಸನೆ ತೇಲಿ ಬಂತು. ಜನ ಕುರ್ಚಿಯಲ್ಲಿ ಮಿಸುಕಾಡತೊಡಗಿದರು. ಊಟ ಸಿಗುವವರೆಗೆ ಯಾರೂ ಕದಲುವುದಿಲ್ಲ, ಸಿಕ್ಕಮೇಲೆ ಯಾರೂ ಉಳಿಯುವುದಿಲ್ಲ. ಟೀಚರು ಥಟ್ಟನೆ ಎದ್ದು ನಿಂತರು.

"ಅಧ್ಯಕ್ಷರೇ, ಕೊನೆಯ ವಿಷಯವನ್ನು ಈಗಲೇ, ಊಟಕ್ಕೆ ಮುಂಚೆಯೇ ತಗೋಬೇಕು ಅಂತ ಸೂಚಿಸ್ತೀನಿ."

ಅಧ್ಯಕ್ಷ ಡ್ವೈಟ್ ಲಾರಬೀಯೂ ಅವರ ಶಿಷ್ಯನೇ. ಅವನು ಕನ್ನಡಕ ತೆಗೆದ. "ಟೀಚರ್, ಪಟ್ಟಿಗೆ ಒಂದು ಕ್ರಮ ಅಂತ ಇದೆಯಲ್ಲ..."

"ಮುಖ್ಯವಾದದ್ದನ್ನ ಎಲ್ಲಿಡಬೇಕು ಅಂತ ಹೇಳಿಕೊಟ್ಟಿದ್ದೆ ಡ್ವೈಟ್?"

ಡ್ವೈಟ್‌ನ ಕಿವಿ ಕೆಂಪಾಯಿತು. "ಮುಂದೆ, ಟೀಚರ್."

"ಉಳಿದದ್ದು?"

"ಕಾಯುತ್ತೆ."

ಸಭೆ ಗೊಳ್ಳೆಂದು ನಕ್ಕಿತು. ಕ್ರಮ ಬದಲಿಸಲು ಮೂರರಲ್ಲಿ ಎರಡು ಪಾಲು ಕೈ ಬೇಕಿತ್ತು. ಅದಕ್ಕೂ ಹೆಚ್ಚೇ ಎದ್ದವು.

ಆಗ ಲೈಲ್ ಎದ್ದ. "ಎಂದೂ ನೋಡಿಲ್ಲ ನಾನು, ಇಷ್ಟು ಕೆಟ್ಟ ರಸ್ತೆಯನ್ನು!"

ಸಭೆ ಗಪ್‌ಚುಪ್ಪಾಯಿತು. ಮೇಪಲ್‌ನವರೂ ತಲೆದೂಗಿದರು. ಟೀಚರು ತಮ್ಮನ್ನೇ ಶಪಿಸಿಕೊಂಡರು. ಏನು ಮಾಡಿಟ್ಟೆ ನಾನು! ನನ್ನ ಕೈಯಾರೆ ನನ್ನ ಗ್ರಂಥಾಲಯವನ್ನೇ ಹೂತೆನಲ್ಲ!

ಆದರೆ ಆ ನಿಶ್ಶಬ್ದದ ರುಚಿ ಲೈಲ್‌ಗೆ ಹತ್ತಿಬಿಟ್ಟಿತು. "ಎಲ್ಲೂ ಇಲ್ಲ ಇಂಥ ಕೆಸರು! ಯಾವತ್ತೂ ಬರಲ್ಲ ಚಳಿಗಾಲದಲ್ಲಿ ಓದೋರು! ಖಂಡಿತ ಬೇಡ ನಮಗೆ ಆ ಒಲೆ! ಎಷ್ಟು ಮಾತ್ರಕ್ಕೂ..."

ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು. "ತಣ್ಣಗಾಗ್ತಿದೆ ಹ್ಯಾಮು! ಕೂತ್ಕೋ ಮಾರಾಯ ನೀನು!"

ನಗೆಯಲ್ಲಿ ಲೈಲ್‌ನ ಉಳಿದ ಮಾತು ಮುಳುಗಿಹೋಯಿತು. ಟೀಚರು ಹಣೆಗೆ ಕೈ ಹಚ್ಚಿ ಕೂತರು. ಡ್ವೈಟ್ ಗ್ರಂಥಾಲಯದ ಒಲೆಯ ಹಣವನ್ನು ಮತಕ್ಕೆ ಹಾಕಿದ. ಮೇಪಲ್‌ನವರ ಕೈಗಳೆಲ್ಲ ಎದ್ದವು. ಚಳಿಗಾಲಕ್ಕೂ ಗ್ರಂಥಾಲಯ ಉಳಿಯಿತು.

ಊಟದ ಸಾಲಿನಲ್ಲಿ ಲೈಲ್ ಮುಖ ಊದಿಸಿಕೊಂಡು ತಟ್ಟೆ ಹಿಡಿದು ಬಂದ. "ಎಲ್ಲಿ ತಪ್ಪಿದೆ ಟೀಚರ್?"

"ನಾನು ಬರೆದುಕೊಟ್ಟದ್ದು ಒಂದು. ಉಳಿದವು ಎಲ್ಲಿಂದ ಬಂದವೋ?"

"ಚೆನ್ನಾಗಿ ಕೇಳಿಸ್ತು, ಅದಕ್ಕೇ..."

"ನಿನಗೆ ಪಾಠ ಹೇಳೋದಕ್ಕಿಂತ ನಿನ್ನ ಕೆಸರಿಗೆ ಹೇಳೋದು ವಾಸಿ! ಹೋಗು, ಕಡುಬು ತಿನ್ನು."

ಮಧ್ಯಾಹ್ನ ಸಭಾಂಗಣ ಎಂದಿನಂತೆ ಬರಿದಾಯಿತು. ಈಗ ಪಟ್ಟಿಯ ಕೊನೆಗೆ ಬಿದ್ದದ್ದು ಲೈಲ್‌ನ ಯಂತ್ರ. ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗಿದ್ದ ಟೀಚರು, ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂತಿದ್ದ ಅವನನ್ನು ನೋಡಿ "ಥೂ, ಇವನ!" ಎಂದು ಗೊಣಗುತ್ತ ವಾಪಸು ಬಂದು ಮುಂದಿನ ಸಾಲಿನಲ್ಲೇ ಕೂತರು.

ಲೈಲ್ ಎದ್ದ. ಟೀಚರ ಮುಖ ನೋಡಿದ. ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟ.

"ಈಗಿರೋ ಯಂತ್ರ ಕೆಟ್ಟಿದೆ. ಹೋದ ವರ್ಷ ಶಾಲೆ ಬಸ್ಸು ಕೆಸರಲ್ಲಿ ಹೂತಿತ್ತು. ಮಕ್ಕಳನ್ನ ನಾನೇ ಹೊತ್ತು ತಂದೆ. ಹೊಸದು ಬೇಕು."

ಅಷ್ಟೇ ಹೇಳಿ ಕೂತ. ಡ್ವೈಟ್ ಕೇಳುವುದಕ್ಕೂ ಮುಂಚೆ ಟೀಚರ ಕೈ ಮೇಲಿತ್ತು. ಆ ಕೈಯನ್ನು ಹಾಗೇ ಎತ್ತಿ ಹಿಡಿದು ಅವರು ಹಿಂದಕ್ಕೆ ತಿರುಗಿದರು. ಉಳಿದಿದ್ದವರೆಲ್ಲರೂ ಒಂದಲ್ಲ ಒಂದು ಕಾಲಕ್ಕೆ ಅವರ ಕ್ಲಾಸಿನಲ್ಲಿ ಕೂತವರೇ.

"ಏನು ನೋಡ್ತೀರ? ಎತ್ತಿ!"