ನಿಲ್ಲದಪ್ಪನ ಪೆಟ್ರೋಲ್ ಪೈಪು

ಹೆತ್ತವರು ಅವನಿಗೆ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಬೀದಿಯವರ ಬಾಯಲ್ಲಿ ಅವನು ನಿಲ್ಲದಪ್ಪ. ಕೂತಲ್ಲಿ ಕೂರುವ ಜನ್ಮವಲ್ಲ, ನಿಂತಲ್ಲಿ ನಿಲ್ಲುವ ಜನ್ಮವೂ ಅಲ್ಲ. ಹಾಲಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪೈಪ್ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ರೇಸಿನ ಕಾರುಗಳ ಎಂಜಿನ್ ಕಟ್ಟುತ್ತಿದ್ದ. ತಟ್ಟೆ ಕೈಯಲ್ಲಿ ಹಿಡಿದು ನಡೆದಾಡುತ್ತಲೇ ಉಣ್ಣುವ ಗಂಡನನ್ನು ನೋಡಿ ಹೆಂಡತಿ, "ತಟ್ಟೆಗೂ ನಾಲ್ಕು ಚಕ್ರ ಹಾಕಿಸ್ಬಿಡ್ರಿ, ಅದೇ ನಿಮ್ಮ ಹಿಂದೆ ಬರ್ಲಿ," ಎನ್ನುತ್ತಿದ್ದಳು.

ಮೊದಲಿನಿಂದಲೂ ಚುರುಕು ಕಾಲಿನವನೇ. ಕಳೆದ ಮೂರು ವರ್ಷಗಳಲ್ಲಿ ಮಾತ್ರ ಆ ಚುರುಕು ಚಡಪಡಿಕೆಗೆ ತಿರುಗಿತ್ತು. ಅದಕ್ಕೆ ಕಾರಣ ಮಾರುಕಟ್ಟೆ ದಾರಿಯ ಟೈರಿನಂಗಡಿಯವನು ಅವನ ಕೈಗೆ ಒಪ್ಪಿಸಿದ್ದ ರೇಸಿನ ಕಾರು. ಅದರದು ರೋಟರಿ ಎಂಜಿನ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಬದಲು ಅದರ ಹೊಟ್ಟೆಯಲ್ಲಿ ಮೂರು ಮೂಲೆಯ ರೋಟರ್ ಗಿರಗಿರ ಸುತ್ತುತ್ತದೆ. ಮೂಲೆಗೊಂದರಂತೆ ತೆಳುವಾದ ಲೋಹದ ಪಟ್ಟಿ. ಅದಕ್ಕೆ ಸೀಲು ಎನ್ನುತ್ತಾರೆ. ಪೆಟ್ರೋಲ್ ತುಸು ಕಡಿಮೆ ಬಿದ್ದರೂ ಉರಿ ಹದ ತಪ್ಪಿ ಆ ಪಟ್ಟಿ ಚೂರಾಗುತ್ತದೆ. ನಿಲ್ಲದಪ್ಪ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ದೊಡ್ಡ ಟರ್ಬೊ ಕೂರಿಸಿ ಎಂಜಿನ್ನಿನ ಹಸಿವನ್ನು ಎರಡರಷ್ಟು ಮಾಡಿದ್ದ. ಪೆಟ್ರೋಲ್ ಪೈಪನ್ನು ಮಾತ್ರ ಹಳೆಯದನ್ನೇ ಬಿಟ್ಟಿದ್ದ. "ಎಂಟು ಮಿಲಿಮೀಟರ್ ಧಾರಾಳ ಸಾಕು," ಎಂದವನು ಅವನೇ. ಮೊದಲ ಓಟದಲ್ಲಿಯೇ, ನೆಟ್ಟನೆಯ ದಾರಿಯಲ್ಲಿ, ಎಂಜಿನ್ ಪಟಪಟ ಸದ್ದು ಮಾಡಿ ಪ್ರಾಣ ಬಿಟ್ಟಿತು. ಟೈರಿನಂಗಡಿಯವನು ಕೂಗಾಡಲಿಲ್ಲ. "ಹೋಗ್ಲಿ ಬಿಡಿ," ಎಂದ, ಅಷ್ಟೆ. ಬಾಯಿಗೆ ಬಂದಂತೆ ಬೈದಿದ್ದರೆ ನಿಲ್ಲದಪ್ಪನ ಮನಸ್ಸು ಹಗುರವಾಗುತ್ತಿತ್ತೋ ಏನೋ. ಅಂದಿನಿಂದ ಆ ಅಂಗಡಿಯ ರಸ್ತೆಯನ್ನೇ ಬಿಟ್ಟು ಎರಡು ಬೀದಿ ಸುತ್ತಿ ಮಾರುಕಟ್ಟೆಗೆ ಹೋಗುತ್ತಿದ್ದ.

ಇಂಥವನ ಶೆಡ್ಡಿಗೆ ಅಕ್ಕನ ಮಗಳು ಅಂಥದೇ ರೋಟರಿ ಕಾರು ತಂದು ನಿಲ್ಲಿಸಿದಳು. ಅವಳಿಗೆ ಮೂವತ್ತೆರಡು ವರ್ಷ. ವಾರವೆಲ್ಲ ನಗರದ ಬಸ್ಸು ಓಡಿಸುತ್ತಾಳೆ, ರಜೆ ಬಂದರೆ ಗುಡ್ಡ ಹತ್ತುವ ರೇಸಿಗೆ ಹೋಗುತ್ತಾಳೆ. ಎಷ್ಟು ದೊಡ್ಡವಳಾದರೂ ಮಾವನಿಗೆ ಅವಳು ಪುಟ್ಟಿ.

"ಇನ್ನು ಹನ್ನೆರಡು ದಿನಕ್ಕೆ ರೇಸು ಮಾವ. ಟರ್ಬೊ ನೀನೇ ಹಾಕ್ಬೇಕು. ಬೇರೆಯವರ ಕೈಗೆ ಕೊಡಲ್ಲ."

"ಟೈರಿನಂಗಡಿಯವರ ಕಾರು ಏನಾಯ್ತು ಗೊತ್ತಲ್ಲ ನಿಂಗೆ?"

"ಗೊತ್ತು. ಅದಕ್ಕೇ ನಿನ್ ಹತ್ರ ಬಂದಿದ್ದು. ಒಂದ್ಸಲ ಸುಟ್ಟುಕೊಂಡೋನು ನೋಡಿ ಮಾಡ್ತಾನೆ."

ನಿಲ್ಲದಪ್ಪ ನೋಡಿ ಮಾಡಲಿಲ್ಲ, ಹೆದರಿ ಮಾಡಿದ. ಹತ್ತರ ಪೈಪು ತಂದ, ಕಣ್ಣಿಗೆ ಸಣ್ಣದೆನಿಸಿತು. ಹನ್ನೆರಡರದು ತಂದ, ಅದರ ಮೇಲೂ ನಂಬಿಕೆ ಹುಟ್ಟಲಿಲ್ಲ. ಕೊನೆಗೆ ಹೆಬ್ಬೆರಳು ತೂರುವಷ್ಟು ದಪ್ಪನೆಯ ಹದಿನಾರರ ಪೈಪು ಹೊತ್ತು ತಂದ. ಅದು ಬಾಗಲೊಲ್ಲದು. ಕಾರಿನ ಹೊಟ್ಟೆಯಡಿ ಮಲಗಿ ಎರಡು ದಿನ ಗುದ್ದಾಡಿ, ಸೈಲೆನ್ಸರ್ ಕೊಳವೆಗೆ ತಾಗದಂತೆ ಹೇಗೋ ಕೂರಿಸಿದ. ಪಂಪನ್ನೂ ದೊಡ್ಡದು ಹಾಕಿದ.

ಎಂಜಿನ್ ಚಾಲೂ ಮಾಡಿದ ದಿನ ಎಲ್ಲವೂ ಎಡವಟ್ಟಾಯಿತು. ಸುಮ್ಮನೆ ನಿಂತ ಕಾರಿನಲ್ಲಿ ಪೆಟ್ರೋಲಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಮೂರರ ಹತ್ತಿರ ಇರಬೇಕು. ಅದು ಆರರ ಮೇಲೆ ಹೋಗಿ ಕೂತಿತು. ಹಿಂದಿನಿಂದ ಕಪ್ಪು ಹೊಗೆ. ಪ್ಲಗ್ಗು ಬಿಚ್ಚಿದರೆ ಪೆಟ್ರೋಲಿನಲ್ಲಿ ಅದ್ದಿ ತೆಗೆದಂತಿತ್ತು. ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬೇಕೆಂದು ಹೊಸದು ಹಾಕಿದ. ಮುಳ್ಳು ಜಪ್ಪಯ್ಯ ಎಂದರೂ ಕದಲಲಿಲ್ಲ. ನಿಲ್ಲದಪ್ಪ ಕಾರಿಗೆ ಪ್ರದಕ್ಷಿಣೆ ಹಾಕತೊಡಗಿದ. ಹನ್ನೆರಡು ದಿನಗಳಲ್ಲಿ ಏಳು ಮುಗಿದಿದ್ದವು.

ಬಾಗಿಲ ಬಳಿ ಡ್ಯೂಟಿ ಸಮವಸ್ತ್ರದಲ್ಲೇ ನಿಂತು ನೋಡುತ್ತಿದ್ದ ಪುಟ್ಟಿ ಕೇಳಿದಳು: "ಎಂಜಿನ್ ಕುಡಿಯದೆ ಬಿಟ್ಟ ಪೆಟ್ರೋಲು ಎಲ್ಲಿಗೆ ಹೋಗುತ್ತೆ ಮಾವ?"

"ಇನ್ನೆಲ್ಲಿಗೆ, ವಾಪಸ್ ಟ್ಯಾಂಕಿಗೆ."

"ಯಾವ ಪೈಪಲ್ಲಿ?"

ನಿಲ್ಲದಪ್ಪ ನಿಂತ. ನಿಂತೇ ಇದ್ದ. ವಾಪಸ್ ಬರುವ ಪೈಪು ಕಾರಿನ ಜೊತೆಗೇ ಬಂದ ಆರು ಮಿಲಿಮೀಟರಿನದು. ಅದನ್ನು ಅವನು ಮುಟ್ಟಿಯೂ ಇರಲಿಲ್ಲ. ದೊಡ್ಡ ಪಂಪು ತಳ್ಳಿದ್ದೆಲ್ಲ ಆ ಸಣ್ಣ ಕೊಳವೆಯಲ್ಲಿ ಮರಳಲಾಗದೆ ಕಟ್ಟಿಕೊಂಡು ಒತ್ತಡ ಏರುತ್ತಿತ್ತು.

"ಇಪ್ಪತ್ತಾರು ವರ್ಷ ಹಾಲು ಹರಿಸಿದೀನಿ," ಎಂದ ತನಗೇ ಹೇಳಿಕೊಳ್ಳುವವನಂತೆ. "ಒಂದು ದಿನ ಆದ್ರೂ ಅಳೀದೆ ಪೈಪ್ ಹಾಕಿದ್ದಿಲ್ಲ. ಇಲ್ಲಿ ಬಂದು ಕಣ್ಣಂದಾಜಿಗೆ ಬಿದ್ದೆ ನೋಡು."

ಮರುದಿನ ಬೆಳಿಗ್ಗೆ ಶೆಡ್ಡಿನ ಹೊರಗೆ ಬಯಲಲ್ಲಿ ಪಂಪು, ಕ್ಯಾನು, ಎರಡು ಗೇಜು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಜೋಡಿಸಿಕೊಂಡ. ಒಂದೊಂದು ಪೈಪಿನ ಎರಡು ತುದಿಗೂ ಗೇಜು ಕಟ್ಟಿ ಪಂಪು ಓಡಿಸಿದ. ನಿಮಿಷಕ್ಕೆ ಎಷ್ಟು ಲೀಟರ್ ಬಂತೆಂದು ಪುಟ್ಟಿ ಗಡಿಯಾರ ನೋಡಿ ಹೇಳಿದಳು. ಎಂಜಿನ್ ಪೂರ್ತಿ ಜೋರಿನಲ್ಲಿ ಕುಡಿಯುವುದು ನಿಮಿಷಕ್ಕೆ ಮೂರೂವರೆ ಲೀಟರ್. ಹತ್ತರ ಪೈಪು ಐದೂವರೆ ಲೀಟರ್ ಹರಿಸಿದರೂ ಒತ್ತಡ ಹೆಚ್ಚುಕಮ್ಮಿ ಇಳಿಯಲೇ ಇಲ್ಲ. ಹದಿನಾರರದು ಅದಕ್ಕಿಂತ ಹೆಚ್ಚಿನದೇನನ್ನೂ ಕೊಡಲಿಲ್ಲ, ಭಾರವೊಂದನ್ನು ಬಿಟ್ಟು. ಕಾರಿನಿಂದ ಬಿಚ್ಚಿದ್ದ ಹಳೆಯ ಎಂಟರ ಪೈಪು ಅರ್ಧ ಅಂಕಿ ಇಳಿಸಿತು. ಹೋಗುವುದಕ್ಕೆ ಹತ್ತು, ಮರಳುವುದಕ್ಕೆ ಆ ಎಂಟು, ಅಲ್ಲಿಗೆ ಲೆಕ್ಕ ಮುಗಿಯಿತು.

ಆದರೆ ನಿಲ್ಲದಪ್ಪನಿಗೆ ಮುಗಿಯಲಿಲ್ಲ. ಎಂಟರ ಪೈಪು ಇಳಿಸುವುದು ಬರೀ ಅರ್ಧ ಅಂಕಿಯಾದರೆ ಟೈರಿನಂಗಡಿಯವನ ಎಂಜಿನ್ ಸತ್ತದ್ದು ಯಾತಕ್ಕೆ? ಕೆಲಸದ ಮೇಜಿನ ಡಬ್ಬಿಯಲ್ಲಿ ಪುಟ್ಟಿಯ ಕಾರಿನ ಹಳೆಯ ಸಾಮಾನು ಬಿದ್ದಿತ್ತು. ಪೈಪನ್ನು ಎಂಜಿನ್ನಿಗೆ ಕೂಡಿಸುವ ಟೊಳ್ಳು ಬೋಲ್ಟೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗಿನ ತೂತಿನಲ್ಲಿ ಬೆಂಕಿಕಡ್ಡಿ ಹೋಗುವುದೂ ಕಷ್ಟವಿತ್ತು. ಅದನ್ನು ಜೋಡಿಸಿ ಪಂಪು ಓಡಿಸಿದ. ಮುಳ್ಳು ಎರಡು ಅಂಕಿ ಕೆಳಗೆ ಬಿತ್ತು. ಟೈರಿನಂಗಡಿಯವನ ಕಾರಿನಲ್ಲೂ ಇಂಥದೇ ಬೋಲ್ಟಿತ್ತು. ಅದನ್ನು ಬಿಗಿದವನೂ ಅವನೇ.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮೂರು ವರ್ಷ ಸುಳ್ಳು ಕಾರಣ ಹಿಡಿದುಕೊಂಡು ತನ್ನನ್ನು ತಾನೇ ಹುರಿದುಕೊಂಡಿದ್ದ. ಪುಟ್ಟಿಯ ಕಾರಿಗೆ ಪೈಪು ಹಾಕಿ, ಅಗಲ ತೂತಿನ ಜೋಡಣೆ ಬಿಗಿದು, ಗುಡ್ಡದ ರಸ್ತೆಯಲ್ಲಿ ಓಡಿಸಿ ನೋಡಿದ ಮಧ್ಯಾಹ್ನವೇ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಟೈರಿನಂಗಡಿಗೆ ನಡೆದ.

ಅಂಗಡಿಯವನು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ. ತಲೆ ಎತ್ತಿದವನು ಅಚ್ಚರಿಪಡಲಿಲ್ಲ. ನಿಲ್ಲದಪ್ಪ ಬೋಲ್ಟನ್ನು ಅವನ ಅಂಗೈಯಲ್ಲಿಟ್ಟು, "ನಿಮ್ಮ ಎಂಜಿನ್ ಕೆಡಿಸಿದ್ದು ಪೈಪಲ್ಲ, ಇಂಥ ಬೋಲ್ಟು. ಪೈಪಾದ್ರೂ ತಪ್ಪು ನಂದೇ, ಇದಾದ್ರೂ ನಂದೇ. ಹೇಳಿ ಹೋಗೋಣ ಅಂತ ಬಂದೆ," ಎಂದ.

ಅಂಗಡಿಯವನು ಬೋಲ್ಟಿನ ತೂತಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿದ. "ಹೋಗ್ಲಿ ಬಿಡಿ ಅಂದ್ನಲ್ಲ ಆವತ್ತು, ಎಂಜಿನ್ ಹೋಗ್ಲಿ ಅಂದಿದ್ದು ನಾನು. ನೀವೇ ಹೋಗ್ಬಿಟ್ರಿ. ಎಂಜಿನ್ ಇಲ್ಲೇ ಹಿಂದುಗಡೆ ಇದೆ. ಬೇರೆ ಯಾರಿಗೂ ಬಿಚ್ಚೋಕೆ ಬಿಟ್ಟಿಲ್ಲ."

ಅಂಗಡಿಯ ಹಿಂದೆ ಆಳೆತ್ತರ ಟೈರುಗಳ ರಾಶಿ. ಅದರ ಹಿಂದೆ ಟಾರ್ಪಾಲು ಹೊದ್ದ ಎಂಜಿನ್. ನಿಲ್ಲದಪ್ಪ ಅಂಗಿಯ ತೋಳು ಮಡಚಿ ಟೈರುಗಳನ್ನು ಒಂದೊಂದಾಗಿ ಪಕ್ಕಕ್ಕೆ ಉರುಳಿಸತೊಡಗಿದ.

ರೇಸಿನ ದಿನವೂ ಅವನು ಗುಡ್ಡಕ್ಕೆ ಹೋಗಲಿಲ್ಲ. ಟೈರಿನಂಗಡಿಯ ಹಿಂದೆ ಎಂಜಿನ್ ಬಿಚ್ಚುತ್ತಿದ್ದ. ಪುಟ್ಟಿ ಫೋನು ಮಾಡಿ, ಇಪ್ಪತ್ತೆರಡು ಕಾರುಗಳಲ್ಲಿ ಒಂಬತ್ತನೆಯವಳಾಗಿ ಬಂದೆ ಎಂದಳು. ಅವನು ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

"ಮುಳ್ಳು ಎಲ್ಲಿತ್ತು?"

"ಇರಬೇಕಾದ ಕಡೆ ಇತ್ತು ಮಾವ. ಕೊನೇವರೆಗೂ ಕೆಳಗೆ ಬೀಳಲಿಲ್ಲ."

"ಕೊನೇ ತಿರುವಲ್ಲಿ?"

"ಅಲ್ಲೂ ಇಲ್ಲ."

"ಸರಿ. ಗಾಡಿ ತಂದು ಶೆಡ್ಡಲ್ಲಿ ಬಿಡು. ಜೋಡಣೆ ಎಲ್ಲಾದ್ರೂ ಒಸರಿದೆಯಾ ಅಂತ ಒಂದ್ಸಲ ನೋಡ್ಬೇಕು."