ಬಾವಿಯ ತಳ, ಇಟಲಿಯ ನರಕ

ಎರಡು ವರ್ಷದ ಹಿಂದಿನ ಮಾತು. ಸಿಂದಗಿ, ಇಂಡಿ ಕಡೆ ಹಳೆಯ ಬಾವಿಗಳ ಹೂಳು ತೆಗೆಯುವುದು ನನ್ನ ಕೆಲಸ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ನಾನು ಕೆಳಗೆ ಇಳಿಯುತ್ತಿದ್ದೆ. ಮೋರಟಗಿಯ ಶಿವಪ್ಪ ಕಾಕಾ ಮೇಲೆ ಹಗ್ಗ ಹಿಡಿಯುತ್ತಿದ್ದ. ಬಾವಿಯಲ್ಲಿ ಆದದ್ದನ್ನು ಹೊರಗೆ ಹೇಳಬಾರದು ಎಂಬುದು ನಮ್ಮ ಕೆಲಸದ ಕಟ್ಟು. ಹೇಳಿದರೆ ಹಗ್ಗದವನ ಕೈ ನಡುಗುತ್ತದೆ.

ಆ ಬೇಸಿಗೆಯಲ್ಲಿ ಯಂಕಂಚಿಯ ಒಬ್ಬ ಕಾಲೇಜು ಸರ್ ತಮ್ಮ ಹೊಲದ ಬಾವಿಗೆ ನಮ್ಮನ್ನು ಕರೆದರು. ಅವರು ಕವಿ. ಕಾಕಾ ಊಟ ಮಾಡಿ ಮಲಗಿದಾಗ ನನ್ನ ಜೊತೆ ಮಾತಿಗೆ ಕೂರುತ್ತಿದ್ದರು. ನೂರಾರು ವರ್ಷದ ಹಿಂದೆ ಇಟಲಿಯಲ್ಲಿ ಒಬ್ಬ ಕವಿ ದೊಡ್ಡ ಕಾವ್ಯ ಬರೆದನಂತೆ. ಅದರಲ್ಲಿ ಒಬ್ಬ ಸುತ್ತು ಸುತ್ತಾಗಿ ನರಕಕ್ಕೆ ಇಳಿಯುತ್ತಾನೆ. ನಂಬಿದವರಿಗೆ ಮೋಸ ಮಾಡಿದವರು ತಳದಲ್ಲಿ, ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಹೂತಿರುತ್ತಾರೆ. ಆ ಕವಿ ತನ್ನ ಊರಿನವರನ್ನೇ ಹೆಸರು ಹಿಡಿದು ಅಲ್ಲಿ ಇಟ್ಟನಂತೆ. ಈಗಿನ ಕವಿಗಳು ಅದರದೊಂದು ದೃಶ್ಯ ತಮ್ಮ ಕವಿತೆಯೊಳಗೆ ಸದ್ದಿಲ್ಲದೆ ಇಡುತ್ತಾರೆ, ಓದಿಕೊಂಡವರು ಗುರುತು ಹಿಡಿಯುತ್ತಾರೆ ಎಂದರು.

ಎಲ್ಲಿಂದ ತಂದದ್ದೆಂದು ಬಿಚ್ಚಿ ಹೇಳಿದರೆ ಏನಾಗುತ್ತದೆ ಎಂದು ಕೇಳಿದೆ. ನಕ್ಕರು. ಆದರೂ ಹೀಗೆ ನನ್ನ ಜೊತೆ ಕೂತು ಮಾತಾಡಿದ ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ಕಟ್ಟು ಮುರಿದು ಹೇಳಿಬಿಟ್ಟೆ: ಹೂವಿನ ಹಿಪ್ಪರಗಿಯ ಬಾವಿಯಲ್ಲಿ ಮಣ್ಣು ಕುಸಿದು ನಾನು ಎದೆಮಟ ಹೂತಾಗ ಕಾಕಾ ಹಗ್ಗ ಬಿಟ್ಟು ಓಡಿದ್ದ. ಸ್ವಲ್ಪ ಹೊತ್ತಿಗೆ ಒಬ್ಬನೇ ತಿರುಗಿ ಬಂದು, ಕೆಳಗಿಳಿದು, ಬರಿಗೈಲಿ ಮಣ್ಣು ತೋಡಿ ನನ್ನನ್ನು ತೆಗೆದ. ಎರಡನ್ನೂ ಹೇಳಿದೆ.

"ಇದು ನಮ್ಮಿಬ್ಬರೊಳಗ ಇರ್ಲಿರಿ ಸರ" ಎಂದೆ. ತಲೆ ಆಡಿಸಿದರು.

ಕೆಲವು ತಿಂಗಳ ಮೇಲೆ ಸರ್ ತಮ್ಮ ಕವಿತೆಗಳ ಪುಸ್ತಕದ ಬಿಡುಗಡೆಗೆ ನನ್ನನ್ನೂ ಕಾಕಾನನ್ನೂ ಸಿಂದಗಿಗೆ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಕವಿತೆ ಓದಿದರು. ಬಾವಿ ಇತ್ತು, ಸುತ್ತುಗಳಿದ್ದವು. ತಳದಲ್ಲಿ ಬರ್ಫು. ಅದರೊಳಗೆ ಕುತ್ತಿಗೆವರೆಗೆ ಹೂತವನು ಮೋರಟಗಿಯ ಶಿವಪ್ಪ, ಹಗ್ಗ ಬಿಟ್ಟವನು. ಮಂದಿ ಚಪ್ಪಾಳೆ ತಟ್ಟಿದರು. ಕಾಕಾ ನನ್ನ ಮುಖ ನೋಡಿದ, ಎದ್ದು ಹೋದ.

ಸರ್ ಹತ್ತಿರ ಹೋಗಿ, ಹೆಸರು ಯಾಕೆ ಹಾಕಿದಿರಿ ಎಂದು ಕೇಳಿದೆ. ಅದು ನಿಮ್ಮ ಶಿವಪ್ಪ ಅಲ್ಲ, ಇಟಲಿ ಕಾವ್ಯದ ನೆರಳು, ಓದಿದವರಿಗೆ ತಿಳಿಯುತ್ತದೆ ಎಂದರು.

"ಓದಲಾರದ ಮಂದಿನ ಊರಾಗ ಹೆಚ್ಚ ಅದಾರ್ರಿ. ಅಂವ ತಿರುಗಿ ಬಂದದ್ದ ಯಾಕ ಬಿಟ್ಟ್ರಿ?"

"ಆ ತಳದಾಗಿನವ್ರು ಮ್ಯಾಲ ಬರಂಗಿಲ್ಲೋ ತಮ್ಮಾ. ಅದನ್ನ ಸೇರಿಸಿದ್ರ ಹೋಲಿಕಿ ಕೆಡತೈತಿ."

ಹೋಲಿಕೆ ಉಳಿಯಲಿ ಎಂದು ಮನುಷ್ಯನನ್ನು ತಳದಲ್ಲೇ ಬಿಟ್ಟರು. ಊರಲ್ಲಿ ಹುಡುಗರು ಕಾಕಾನನ್ನು 'ಬರ್ಫಿನ ಶಿವಪ್ಪ' ಎಂದು ಕೂಗತೊಡಗಿದರು. ಕೆಲಸಕ್ಕೆ ಕರೆಯುವವರು, ಅವನನ್ನು ಬಿಟ್ಟು ಬಾ ಎಂದರು.

ಆದರೂ ಕೆಲಸಕ್ಕೆ ಕರೆತರಲು ಕಾಕಾನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಕರೆಯಲಿಲ್ಲ.

"ಓಡಿದ್ದು ಖರೆ ಐತಿ," ಎಂದ. "ಅಂಜಿ ಓಡಿದ್ದೆ. ನೀ ಯಾತಕ್ಕ ಅಂಜಿ ಹೇಳಿದಿಪಾ?"

ಒಬ್ಬನೇ ತಿರುಗಿ ಬಂದೆ. ಈಗ ಬೇರೆಯವನು ಹಗ್ಗ ಹಿಡಿಯುತ್ತಾನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಿನ್ನ ಜೊತೆ ಬಾವಿಗೆ ಇಳಿಯದವನ ಕೈಗೆ, ಇಳಿದವನ ಗುಟ್ಟು ಕೊಡಬೇಡ.